ಆಲಿಸುವ ಕಿವಿಗೆ ದೂರವೂ ಹತ್ತಿರ

ಕಲಬುರಗಿಯ ಶ್ರೀ ಶರಣಬಸವೇಶ್ವರರ ತೇರಿನ ದಿನ ನೆರೆಯುವ ಜನಸಾಗರದಲ್ಲಿ ಕೈತಪ್ಪಿದ ಮಗುವನ್ನು ತಾಯಿ ಹೇಗೆ ಹುಡುಕುತ್ತಾಳೆ? ಬರಿದೆ ಕೂಗಾಡಿದರೆ ಅವಳ ಕೂಗು ಗದ್ದಲದೊಳಗೆ ಮತ್ತೊಂದು ಗದ್ದಲವಾದೀತು. ಅವಳು ಕ್ಷಣಕಾಲ ನಿಲ್ಲುತ್ತಾಳೆ, ಸದ್ದು ತುಸು ತಗ್ಗಿದಾಗ ಹೆಸರು ಹಿಡಿದು ಕರೆಯುತ್ತಾಳೆ, ಮರುಕ್ಷಣವೇ ಕಿವಿಗೊಡುತ್ತಾಳೆ. ಸಾವಿರಾರು ಮೈಲಿಗಳಾಚೆಯ ಅಪರಿಚಿತನೊಡನೆ ಮಾತನಾಡಬಯಸುವ ಹವ್ಯಾಸಿ ರೇಡಿಯೋಗಾರನಿಗೂ ಬೇಕಾದುದು ಇದೇ ವಿವೇಕ.

'ಹ್ಯಾಮ್' ಎಂದು ಕರೆಯಲ್ಪಡುವ ಈ ಹವ್ಯಾಸಿಗಳು ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ 'ವಿಯು'ದಿಂದ ಮೊದಲಾಗುವ ಕರೆಸಂಕೇತವನ್ನೂ ಪಡೆದು ತಮ್ಮ ಕೇಂದ್ರವನ್ನು ನಡೆಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ಬೆಂಗಳೂರಿನ ಹವ್ಯಾಸಿ ರೇಡಿಯೋ ಸಂಘವು 1959ರಲ್ಲೇ ಜನ್ಮ ತಾಳಿತು. ಇವರ ಮಾತಿನಲ್ಲಿ ಲಾಭದ ಲೆಕ್ಕವಿಲ್ಲ. ಜ್ಞಾನ, ಸ್ನೇಹ, ಸೇವೆ ಇವೇ ಅದರ ಗುರಿ.

ದೂರದ ದನಿಯನ್ನು ಹೊತ್ತು ತರುವುದು ಆಕಾಶ. ನೆಲದಿಂದ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯಕಿರಣದಿಂದ ವಿದ್ಯುದಾವೇಶ ಪಡೆದ ಪದರವೊಂದು ಹ್ರಸ್ವ ತರಂಗಗಳನ್ನು ಬಾಗಿಸಿ ಮರಳಿ ಭೂಮಿಗೆ ಕಳುಹಿಸುತ್ತದೆ. ಆದರೆ ಅದು ಎಲ್ಲ ಕಂಪನಾಂಕಗಳಿಗೂ ಎಲ್ಲ ಹೊತ್ತಿನಲ್ಲಿಯೂ ಒಂದೇ ಬಗೆಯಾಗಿ ಒಲಿಯುವುದಿಲ್ಲ. ಭೀಮಾ ತೀರದ ಸೀಮೆಯಲ್ಲಿರುವ ಹವಳಗಾದಂಥ ಊರಿನ ಶಾಲೆಯ ಅಂಗಳದಲ್ಲಿ, ಎರಡು ಬೇವಿನ ಮರಗಳ ನಡುವೆ ಇಪ್ಪತ್ತು ಮೀಟರ್ ಉದ್ದದ ತಂತಿಯನ್ನು ನಡುವೆ ಕತ್ತರಿಸಿ ಕಟ್ಟಿದರೆ, 7 ಮೆಗಾಹರ್ಟ್ಸ್‌ಗೆ ಒಪ್ಪುವ ಆಂಟೆನಾ ಸಿದ್ಧವಾಯಿತು. ಹಗಲಿನಲ್ಲಿ ಅದು ಹೈದರಾಬಾದು, ಪುಣೆಗಳಂಥ ಕೆಲವು ನೂರು ಕಿಲೋಮೀಟರುಗಳ ನೆರೆಯನ್ನು ಮಾತನಾಡಿಸುತ್ತದೆ. ಸಂಜೆ ಹೊಲದಿಂದ ಎತ್ತುಗಳು ಮರಳುವ ಹೊತ್ತಿಗೆ ಪೂರ್ವದ ಜಪಾನು ಕತ್ತಲಲ್ಲಿರುತ್ತದೆ; ಆ ಕತ್ತಲ ಹಾದಿಯೇ ತರಂಗಕ್ಕೆ ತೆರೆದ ಬಾಗಿಲು. ನಸುಕಿನಲ್ಲಿ ಪಶ್ಚಿಮದ ಯೂರೋಪು ಇನ್ನೂ ಇರುಳಿನಲ್ಲಿರುವುದರಿಂದ ಆ ಕಡೆಯ ಬಾಗಿಲು ತೆರೆಯುತ್ತದೆ. ಹಗಲಿನ ದೂರಪಯಣಕ್ಕೆ 14 ಮೆಗಾಹರ್ಟ್ಸ್ ಲೇಸು. ಹನ್ನೊಂದು ವರ್ಷಗಳಿಗೊಮ್ಮೆ ಸೂರ್ಯನ ಕಲೆಗಳು ಹೆಚ್ಚಿದಾಗ 28 ಮೆಗಾಹರ್ಟ್ಸ್ ಕೂಡ ಚೇತನ ತಳೆಯುತ್ತದೆ. ಹೀಗೆ ಹೊತ್ತನ್ನು ಅರಿತು ಹಾದಿಯನ್ನು ಆಯ್ದುಕೊಳ್ಳುವುದೇ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಕಠಿಣ. 14 ಮೆಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲ 350 ಕಿಲೋಹರ್ಟ್ಸ್ ಮಾತ್ರ. ಒಂದು ಮಾತುಕತೆಗೆ ಸುಮಾರು ಮೂರು ಕಿಲೋಹರ್ಟ್ಸ್ ಬೇಕು. ಇಡೀ ಜಗತ್ತು ಈ ಕಿರಿದಾದ ಓಣಿಯನ್ನೇ ಹಂಚಿಕೊಳ್ಳಬೇಕು. ಆದುದರಿಂದ ಸಜ್ಜನನಾದ ಹವ್ಯಾಸಿ ಖಾಲಿಯೆಂದು ತೋರಿದ ಸ್ಥಾನದಲ್ಲಿಯೂ ಕೆಲಕಾಲ ಸುಮ್ಮನೆ ಆಲಿಸುತ್ತಾನೆ. ಮಾತನಾಡುತ್ತಿರುವ ಇಬ್ಬರಲ್ಲಿ ಒಬ್ಬನ ದನಿ ಅವನಿಗೆ ಕೇಳಿಸದೆಯೂ ಇರಬಹುದಷ್ಟೆ. 'ಈ ಸ್ಥಾನ ಬಳಕೆಯಲ್ಲಿದೆಯೇ?' ಎಂದು ಕೇಳಿ, ಉತ್ತರ ಬಾರದಿದ್ದರೆ ಮಾತ್ರ ತನ್ನ ಕರೆಯನ್ನು ಆರಂಭಿಸುತ್ತಾನೆ. ದುರ್ಲಭವಾದ ದ್ವೀಪವೊಂದರಿಂದ ದನಿ ಬಂದಾಗ ನೂರಾರು ಜನ ಒಟ್ಟಿಗೆ ಮುಗಿಬೀಳುವುದುಂಟು. ಆಗ ಆ ಕೇಂದ್ರದವರು ಒಂದು ಕಡೆ ಮಾತನಾಡಿ, ಐದು ಹತ್ತು ಕಿಲೋಹರ್ಟ್ಸ್ ಮೇಲೆ ಕಿವಿಯಿಟ್ಟಿರುತ್ತಾರೆ. ಅದನ್ನು ಗಮನಿಸದೆ ಕೂಗಿದವನು ಇತರರ ಕೇಳ್ಮೆಯನ್ನೂ ಕೆಡಿಸುತ್ತಾನೆ. ತಾಳ್ಮೆಯಿಂದ ಅವರ ಲಯವನ್ನು ಅರಿತು, ಸಂದು ಕಂಡಾಗ ತನ್ನ ಕರೆಸಂಕೇತವನ್ನು ಒಮ್ಮೆ ಸ್ಪಷ್ಟವಾಗಿ ನುಡಿದವನಿಗೆ ಅಲ್ಪ ಶಕ್ತಿಯ ಯಂತ್ರದಿಂದಲೂ ಉತ್ತರ ದೊರೆಯುತ್ತದೆ.

ಇದು ಕೇವಲ ಶಿಷ್ಟಾಚಾರವಲ್ಲ. 2004ರ ಡಿಸೆಂಬರ್ ತಿಂಗಳಲ್ಲಿ ಭಾರತೀ ಪ್ರಸಾದ್ ಎಂಬ ಮಹಿಳೆ ಪೋರ್ಟ್‌ಬ್ಲೇರಿನಿಂದ ಹವ್ಯಾಸಿ ಕೇಂದ್ರವೊಂದನ್ನು ನಡೆಸುತ್ತಿದ್ದರು. ಬಹುಕಾಲ ಮೌನವಾಗಿದ್ದ ಅಂಡಮಾನಿನ ದನಿಗಾಗಿ ಜಗತ್ತಿನ ಹವ್ಯಾಸಿಗಳು ಹಾತೊರೆಯುತ್ತಿದ್ದರು. 26ರ ಬೆಳಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿತು. ಸಂಪರ್ಕ ಕಡಿದುಹೋದ ಆ ದ್ವೀಪಗಳಲ್ಲಿ ಅವರ ಕೇಂದ್ರವೇ ಸಂಕಟದ ಸುದ್ದಿಗಳನ್ನು ಹೊರಜಗತ್ತಿಗೆ ಮುಟ್ಟಿಸುವ ಸೇತುವಾಯಿತು. ಹಿಂದಿನ ದಿನದವರೆಗೆ ವಿನೋದವಾಗಿದ್ದುದು ಪ್ರಾಣರಕ್ಷಣೆಯ ಸಾಧನವಾಯಿತು. ಅಂಥ ಗಳಿಗೆಯಲ್ಲಿ ಮೌನವಾಗಿರಬಲ್ಲವನೂ ಸೇವಕನೇ. ಅವನ ಮೌನದ ಮೇಲೆಯೇ ಮತ್ತೊಬ್ಬರ ಮೊರೆ ತೇಲಿ ಬರಬೇಕು.

ಈ ನಾಡು ಇಂತಹ ಗಳಿಗೆಗಳನ್ನು ಅರಿಯದ್ದೇನಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆಯ ಕಿಲ್ಲಾರಿ ನೆಲಸಮವಾಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಸೀಮೆಯ ನದೀತೀರದ ಹಳ್ಳಿಗಳನ್ನು ಸುತ್ತುವರಿಯಿತು. ಕೈಯಲ್ಲಿನ ಫೋನು ಗೋಪುರವನ್ನು ನೆಚ್ಚಿದೆ, ಗೋಪುರ ವಿದ್ಯುತ್ತನ್ನು ನೆಚ್ಚಿದೆ. ಒಂದು ಬ್ಯಾಟರಿ, ಒಂದು ತಂತಿ, ಆಲಿಸಬಲ್ಲ ಒಬ್ಬ ವ್ಯಕ್ತಿ ಇದ್ದರೆ ಹವ್ಯಾಸಿ ಕೇಂದ್ರ ನಿಲ್ಲುತ್ತದೆ.

ಯಂತ್ರವನ್ನು ಹಣದಿಂದ ಕೊಳ್ಳಬಹುದು. ಆಲಿಸುವ ಕಿವಿಯನ್ನು ಅಭ್ಯಾಸದಿಂದಲೇ ಗಳಿಸಬೇಕು. ಶಾಲೆಗಳು ಮಕ್ಕಳಿಗೆ ಮಾತು ಕಲಿಸುವಷ್ಟೇ ಶ್ರದ್ಧೆಯಿಂದ ಈ ಕೇಳ್ಮೆಯನ್ನೂ ಕಲಿಸಿದರೆ, ಭೀಮೆಯ ಮುಂದಿನ ನೆರೆಯಲ್ಲಿ ಯಾರದೋ ಕ್ಷೀಣವಾದ ಕರೆಗೆ ಒಂದು ಉತ್ತರವಾದರೂ ದೊರೆತೀತು.