ರಾಣೆಬೆನ್ನೂರಿನ ಎರ್ಲಡ್ಡಿಗೆ, ಜಗಳೂರಿನಿಂದ

ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೇ,

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆಯಿಂದ ಬರೆಯುತ್ತಿದ್ದೇನೆ. ಬೆಳಕು ಹರಿಯುವ ಮೊದಲೇ ಹೊರಟು ದಿನವಿಡೀ ಕುರುಚಲು ಕಾಡಿನ ಅಂಚು, ಗೋಮಾಳ, ಕಲ್ಲುದಿಬ್ಬಗಳ ಮೇಲೆ ನಡೆದಿದ್ದೇನೆ. ಎರಡೂ ಮಂಡಿ ಊದಿವೆ. ಏರು ಹತ್ತುವಾಗ ಹೇಗೋ ತಡೆಯಬಹುದು. ಇಳಿಜಾರಿನಲ್ಲಿ ಮಾತ್ರ ಹೆಜ್ಜೆ ಹೆಜ್ಜೆಗೂ ಚಿಪ್ಪಿನ ಅಡಿಯಲ್ಲಿ ಚಳಕು ಹೊಡೆಯುತ್ತದೆ. ಕೋಲೂರಿ, ಮೈ ಓರೆ ಮಾಡಿಕೊಂಡು ಇಳಿಯುತ್ತೇನೆ. ಸಿಕ್ಕ ಬಂಡೆಯ ಮೇಲೆಲ್ಲ ಕೂರುತ್ತೇನೆ.

ಹಾಗೆ ಕೂತಲ್ಲೇ, ಬಂದರಿಕೆ ಗಿಡದ ಬುಡದಲ್ಲಿ ಕೊಂಡುಕುರಿಯ ಹಿಕ್ಕೆಯ ಗುಡ್ಡೆ ಕಂಡಿತು. ಕೆಳಗಿನವು ಬಿಸಿಲಿಗೆ ಬೆಳ್ಳಗಾಗಿ ಪುಡಿಯಾಗಿದ್ದವು. ಮೇಲಿನವು ಕಪ್ಪಗೆ, ಇನ್ನೂ ಹಸಿಯಾಗಿ ಮಿರುಗುತ್ತಿದ್ದವು. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಆ ಪ್ರಾಣಿಯ ಅಭ್ಯಾಸ. ಗಂಡಿಗೆ ನಾಲ್ಕು ಕೊಂಬು. ಕಾಡುಪ್ರಾಣಿಗಳಲ್ಲಿ ಅದು ಬೇರೆ ಯಾವುದಕ್ಕೂ ಇಲ್ಲ. ಕೊಂಡುಕುರಿಗೆಂದೇ 2011ರಲ್ಲಿ ಇಲ್ಲಿ ಸುಮಾರು 77 ಚದರ ಕಿ.ಮೀ. ಅಭಯಾರಣ್ಯವಾಯಿತು. ಆ ಹಸಿ ಹಿಕ್ಕೆ ನೋಡಿ ಮನಸ್ಸು ತುಂಬಿತು. ಅದರ ಬೆನ್ನಿಗೇ ನಿನ್ನ ನೆನಪಾಯಿತು.

ನಿನಗೂ ಒಂದು ಅಭಯಾರಣ್ಯ ಇತ್ತಲ್ಲ! ಇಲ್ಲಿಂದ ತುಂಗಭದ್ರೆ ದಾಟಿ ಹೋದರೆ ರಾಣೆಬೆನ್ನೂರು. 1974ರಲ್ಲಿ ಅಲ್ಲಿ ಸುಮಾರು 119 ಚದರ ಕಿ.ಮೀ. ಜಾಗವನ್ನು ಕೃಷ್ಣಮೃಗಕ್ಕೆಂದು ಕಾಯ್ದಿಟ್ಟರು. ನಿನ್ನ ಹೆಸರೂ ಅದರ ಜೊತೆ ಕೇಳಿಬರುತ್ತಿತ್ತು. ಆದರೆ ಆ ಬಯಲಿಗೆ ನೀಲಗಿರಿ ಆಗಲೇ ಕಾಲಿಟ್ಟಿತ್ತು. ಮರವಿಲ್ಲದ ನೆಲ ಕಂಡರೆ ಪಾಳುಬಿದ್ದಿದೆ ಎಂದುಕೊಂಡು ಸಸಿ ನೆಟ್ಟುಬಿಡುತ್ತೇವೆ. ಕೃಷ್ಣಮೃಗಗಳು ಸುತ್ತಲ ಹೊಲಗಳಲ್ಲಿ ಮೇಯ್ದು ಬದುಕಿಕೊಂಡವು. ಬರಿನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು, ದೂರದಿಂದಲೇ ಅಪಾಯ ಕಂಡು ಎಚ್ಚರಗೊಳ್ಳಬೇಕಾದ ನಿನಗೆ ಸಾಲು ಮರಗಳ ನಡುವೆ ಏನು ಉಳಿಯಿತು? ನೀನು ಅಲ್ಲಿಂದ ಕಾಣೆಯಾದೆ.

ನೀನು ನಡೆದೇ ಬದುಕುವ ಹಕ್ಕಿ. ಸುಮಾರು ಒಂದು ಮೀಟರ್ ಎತ್ತರ. ಗಂಡಾದರೆ 15 ಕೆ.ಜಿ.ವರೆಗೂ ತೂಕ. ಹಾರಬಲ್ಲೆ, ಆದರೂ ಮಿಡತೆ, ಕಾಳು, ಬೋರೆಹಣ್ಣು ಹೆಕ್ಕುತ್ತ ಹುಲ್ಲಿನಲ್ಲಿ ನಡೆಯುವುದೇ ಹೆಚ್ಚು. ಮಂಡಿ ನೋಯುವವನಿಗೆ ನಿನ್ನ ಆ ಉದ್ದ ಕಾಲುಗಳ ಮೇಲೆ ಎಷ್ಟು ಅಕ್ಕರೆ ಹುಟ್ಟುತ್ತದೆ ಗೊತ್ತೆ? ಪಕ್ಷಿತಜ್ಞ ಸಲೀಂ ಅಲಿ ನಿನ್ನನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಈಗ ದೇಶದಲ್ಲೆಲ್ಲ ಹುಡುಕಿದರೂ ಕಾಡಿನಲ್ಲಿ ನಿನ್ನ ಕುಲದವು ನೂರೈವತ್ತೂ ಸಿಗುವುದಿಲ್ಲ.

ನಾನಿರುವ ಈ ದಾವಣಗೆರೆ ಜಿಲ್ಲೆಯ ಸಂಗತಿಯನ್ನೂ ಹೇಳಬೇಕು. ಚನ್ನಗಿರಿಯಲ್ಲಿ ಅಡಿಕೆ ತೋಟ ಹಬ್ಬುತ್ತಲೇ ಇದೆ. ಹೊನ್ನಾಳಿ, ನ್ಯಾಮತಿ ಕಡೆ ಮಳೆಯಾಶ್ರಿತ ಹೊಲಗಳನ್ನು ಮೆಕ್ಕೆಜೋಳ ಆವರಿಸಿಕೊಂಡಿದೆ. ಬರದ ಊರೆಂದೇ ಹೆಸರಾದ ಜಗಳೂರಿಗೆ 57 ಕೆರೆ ತುಂಬಿಸುವ ಯೋಜನೆಯಿಂದ ತುಂಗಭದ್ರೆಯ ನೀರು ಬಂದಿದೆ. ಕೊಳವೆಬಾವಿ ಕೊರೆಸಿ ಕೊರೆಸಿ ಸಾಲಗಾರರಾದ ಜನಕ್ಕೆ ಅದು ಬೇಕೇ ಬೇಕಿತ್ತು. ನೀರು ಬಂದದ್ದು ನನಗೆ ಸಂತೋಷವೇ. ಆದರೆ ನೀರು ಬಂದಲ್ಲಿ ಗೋಮಾಳದ ಮೇಲೆ ಕಣ್ಣು ಬೀಳುತ್ತದೆ, ಬದು ಸರಿಯುತ್ತದೆ, ಕುರಿ ಮೇಯುವ ಜಾಗ ಕಿರಿದಾಗುತ್ತದೆ.

ದಿಬ್ಬಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ; ಅವುಗಳಿಂದ ಹೊರಟ ತಂತಿಗಳು ಬಯಲಿಗೆ ಅಡ್ಡ ಹಾಯ್ದಿವೆ. ನಿನ್ನ ಕಣ್ಣು ತಲೆಯ ಪಕ್ಕಗಳಲ್ಲಿ. ಎದುರಿನದು ನಿನಗೆ ಕಾಣುವುದು ಕಡಿಮೆ. ಭಾರದ ಮೈಯನ್ನು ಥಟ್ಟನೆ ತಿರುಗಿಸಲೂ ಆಗದು. ರಾಜಸ್ಥಾನದಲ್ಲಿ ನಿನ್ನವರು ಇಂಥ ತಂತಿಗೇ ಬಡಿದು ಸತ್ತರು. 2021ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಯೂ ಗುಜರಾತಿನಲ್ಲಿಯೂ ತಂತಿಗಳನ್ನು ನೆಲದಡಿ ಹಾಕಿ ಎಂದಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿತು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ನಿನ್ನ ಬಳಗದವು ಬೆರಳೆಣಿಕೆಯಷ್ಟು ಉಳಿದಿವೆ. ಇಲ್ಲಿಂದ ದೂರವೇನಲ್ಲ, ಆದರೂ ನೋಡಲು ಹೋಗುವುದಿಲ್ಲ. ಮೊಟ್ಟೆಯ ಮೇಲೆ ಕೂತ ಹಕ್ಕಿಯನ್ನು ಎಬ್ಬಿಸುವ ಕಾಲು ನನ್ನದಾಗುವುದು ಬೇಡ. ಊರ ಗೋಮಾಳದಲ್ಲಿ ಗುಂಡಿ ತೋಡಿ ನೀಲಗಿರಿಯೋ ಅಕೇಶಿಯಾವೋ ನೆಡುವ ಮಾತು ಗ್ರಾಮಸಭೆಗೆ ಬಂದ ದಿನ ಮಾತ್ರ ತಪ್ಪದೆ ಹೋಗುತ್ತೇನೆ. ರಾಣೆಬೆನ್ನೂರಿನ ಹೆಸರು ಹೇಳಿ, ಹುಲ್ಲನ್ನು ಹುಲ್ಲಾಗಿಯೇ ಬಿಡಿ ಎಂದು ಕೇಳುತ್ತೇನೆ.

ಇಂತಿ,
ನಿನ್ನ ನೆಲದಲ್ಲಿ ನಡೆಯುವವನು