ಗುಡಾರ ಹೊಲಿಯುವವರ ಮನೆಯಲ್ಲಿ ಒಬ್ಬ ಪಂಡಿತ

ಹೊಸೂರು ಕಡೆಯ ಕನ್ನಡದವರಾದ ನಮಗೆ ತಿದ್ದಿಸಿಕೊಳ್ಳುವುದು ಹೊಸದಲ್ಲ. ತಾಲ್ಲೂಕು ಕಚೇರಿಗೆ ಹೋದರೆ ನಮ್ಮ ತಮಿಳು ಅರ್ಜಿಯನ್ನು ತಿದ್ದುತ್ತಾರೆ. 40 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಹೋದರೆ ನೆಂಟರು ನಮ್ಮ ಕನ್ನಡವನ್ನು ತಿದ್ದುತ್ತಾರೆ. ಎರಡು ಕಡೆಯೂ ನಗುತ್ತಾ ತಲೆಯಾಡಿಸಿ ಬರುತ್ತೇವೆ. ಇದನ್ನು ದೀನತೆ ಎನ್ನಲು ನನಗೆ ಮನಸ್ಸಿಲ್ಲ. ಕೆಲಸ ಆಗಬೇಕಾದ ಕಡೆ ಯಾರು ಬೇಕಾದರೂ ಬಗ್ಗುತ್ತಾರೆ. ನಮಗಿಂತ ಚಿಕ್ಕವರು, ನಮ್ಮ ಮನೆಯಲ್ಲೇ ಉಣ್ಣುವವರು ಬಾಯಿ ತೆರೆದಾಗಲೇ ನಮ್ಮೊಳಗೆ ಏನಿದೆ ಎಂಬುದು ಗೊತ್ತಾಗುವುದು.

ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದ ಕೊನೆಯಲ್ಲಿ ಅಪೊಲ್ಲೋಸ ಎಂಬವನು ಬರುತ್ತಾನೆ. ಅಲೆಕ್ಸಾಂಡ್ರಿಯದವನು, ವಾಕ್ಚತುರ, ಪವಿತ್ರ ಗ್ರಂಥಗಳನ್ನು ಚೆನ್ನಾಗಿ ಬಲ್ಲವನು. ಎಫೆಸದ ಪ್ರಾರ್ಥನಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಸ್ನಾನಿಕ ಯೊವಾನ್ನರ ದೀಕ್ಷಾಸ್ನಾನದಿಂದಾಚೆಗೆ ಅವನಿಗೆ ತಿಳಿದಿರಲಿಲ್ಲ. ಅವನ ಮಾತು ಕೇಳಿದ ಪ್ರಿಸಿಲ್ಲ ಮತ್ತು ಅಕ್ವಿಲ ದಂಪತಿ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಈ ದಂಪತಿ ಗುಡಾರ ಮಾಡುವವರು. ಚಕ್ರವರ್ತಿ ಕ್ಲಾಡಿಯಸನ ಆಜ್ಞೆಯಿಂದ ರೋಮ್ ಬಿಟ್ಟು ಬಂದವರು. ಅಷ್ಟು ಓದಿದವನು ಅವರ ಮುಂದೆ ಕುಳಿತು ಕೇಳಿಸಿಕೊಂಡ.

ಈ ಭಾಗ ಓದುವಾಗಲೆಲ್ಲ ನನಗೆ ಅಪ್ಪನ ನೆನಪು. ಅಪ್ಪ ಐದನೇ ತರಗತಿಯವರೆಗೆ ಕನ್ನಡ ಓದಿದವರು. ತಿಂಗಳಿಗೊಮ್ಮೆ ನಡೆಯುವ ಕನ್ನಡ ಪೂಜೆಯಲ್ಲಿ ಮೊದಲ ವಾಚನ ಅವರದೇ. ದನಿ ಗಂಭೀರ, ಹಕಾರ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ನಮ್ಮ ಕಡೆ ಅದು ಸಾಮಾನ್ಯ, ಯಾರೂ ಗಮನಿಸುತ್ತಿರಲಿಲ್ಲ. ಅತ್ತಿಗೆ ಬೆಂಗಳೂರಿನಿಂದ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಒಂದು ಭಾನುವಾರ ಊಟಕ್ಕೆ ಬಡಿಸುತ್ತಾ, "ಮಾವ, ನೀವು ಓದಿದ್ದು 'ಅರಸಿದರು' ಅಂತ ಕೇಳಿಸ್ತು. ಅದು 'ಹರಸಿದರು'. ಆಶೀರ್ವಾದ ಹೋಗಿ ಹುಡುಕೋದಾಯ್ತು" ಅಂದರು. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು.

"ಇಪ್ಪತ್ತು ವರ್ಷದಿಂದ ಓದ್ತಿದೀನಿ, ಯಾರೂ ಹೇಳಲಿಲ್ಲವಲ್ಲ" ಎಂದು ಅಪ್ಪ ಅರ್ಧ ಮುದ್ದೆಗೇ ಕೈ ತೊಳೆದರು. ಅಣ್ಣ ಹೆಂಡತಿಯನ್ನು ಗದರಿದ. ಅಡುಗೆಮನೆಯಲ್ಲಿ ಅತ್ತಿಗೆ ಅಳುತ್ತಿದ್ದರು. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡಲಿಲ್ಲ.

ರಾತ್ರಿ ಜಪಸರ ಮುಗಿದ ಮೇಲೆ ಅಪ್ಪ ಬೈಬಲ್ ತಂದು ಸೊಸೆಯ ಮುಂದಿಟ್ಟರು. "ನೀನು ಓದಮ್ಮಾ, ನಾನು ಕೇಳ್ತೀನಿ." ಆಮೇಲೆ ಕನ್ನಡ ಪೂಜೆಯ ಹಿಂದಿನ ಶನಿವಾರ ಸಂಜೆಯೆಲ್ಲ ಇದೇ ಪಾಠ. ಹಕಾರ ಪೂರ್ತಿ ಬಂತು ಎಂದರೆ ಸುಳ್ಳಾದೀತು. ಅವಸರದಲ್ಲಿ ಒಮ್ಮೊಮ್ಮೆ ಇಲ್ಲದ ಕಡೆಯೂ ಬರತೊಡಗಿತು! ಅಪ್ಪ ಸ್ವಭಾವತಃ ಸಾಧುವೇನಲ್ಲ. ಬೇರೆಯವರನ್ನು ತಿದ್ದುವಾಗ ಅವರ ದನಿ ಕೊನೆಯವರೆಗೂ ಇಳಿಯಲಿಲ್ಲ. ಆದರೆ ಕಲಿಸಿದವಳು ಸೊಸೆ ಎಂದು ಧರ್ಮಕೇಂದ್ರದ ಗುರುಗಳ ಮುಂದೆ ತಾವೇ ಹೇಳಿದರು. ಅತ್ತಿಗೆ ಆ ಮನೆಯಲ್ಲಿ ನಿಜವಾಗಿ ಸೊಸೆಯಾದದ್ದು ಅಂದಿನಿಂದ ಎಂದು ನನಗನಿಸುತ್ತದೆ.

ಅತ್ತಿಗೆ ದೇವಾಲಯದ ಬಾಗಿಲಲ್ಲಿ ಹೇಳದೆ ಮನೆಗೆ ಬರುವವರೆಗೆ ಕಾದಿದ್ದರು. ಸಹೋದರ ತಪ್ಪಿದರೆ ಮೊದಲು ಅವನೊಬ್ಬನಿಗೇ ತಿಳಿಸಬೇಕು ಎಂಬುದು ಯೇಸುಸ್ವಾಮಿಯ ಬೋಧನೆಯೇ. ಆದರೆ ಎಲ್ಲರೂ ಹಾಗೆ ಹೇಳುವುದಿಲ್ಲ. "ಹೇಳೋ ರೀತಿಯಲ್ಲಿ ಹೇಳಿದ್ದರೆ ಕೇಳ್ತಿದ್ದೆ" ಎನ್ನುವವರನ್ನು ಕಂಡಾಗ ಅಂತಿಯೋಕ್ಯ ನೆನಪಾಗುತ್ತದೆ. ಅಲ್ಲಿ ಪೇತ್ರರು ಅನ್ಯಜನರೊಂದಿಗೆ ಊಟ ಮಾಡುವುದನ್ನು ಬಿಟ್ಟು ಹಿಂದೆ ಸರಿದಾಗ ಪೌಲರು ಎಲ್ಲರೆದುರಿಗೇ ಖಂಡಿಸಿದರು. ಪೇತ್ರರು ಏನು ಉತ್ತರ ಕೊಟ್ಟರೋ ಗಲಾತ್ಯರ ಪತ್ರದಲ್ಲಿಲ್ಲ. ಪೇತ್ರರ ಹೆಸರಿನ ಎರಡನೇ ಪತ್ರದಲ್ಲಿ ಮಾತ್ರ ಪೌಲರು 'ಪ್ರಿಯ ಸಹೋದರ'.

ಅಪೊಲ್ಲೋಸ ಮುಂದೆ ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅವನನ್ನು ಬರಮಾಡಿಕೊಳ್ಳುವಂತೆ ಪತ್ರ ಬರೆದರು. ಅಲ್ಲಿನ ಕೊರಿಂಥದಲ್ಲಿ ಅವನಿಗೆ ಎಷ್ಟು ಹೆಸರು ಬಂತೆಂದರೆ, ಕೆಲವರು ತಾವು ಅಪೊಲ್ಲೋಸನ ಕಡೆಯವರೆಂದು ಪಂಗಡ ಕಟ್ಟಿದರು. ತಾನು ನೆಟ್ಟದ್ದಕ್ಕೆ ಅವನು ನೀರೆರೆದ ಎಂದು ಪೌಲರು ಅವರಿಗೆ ಬರೆದರು. ಆ ಪತ್ರದ ಕೊನೆಯ ಅಧ್ಯಾಯದಲ್ಲಿ ಅಪೊಲ್ಲೋಸನ ಹೆಸರಿದೆ. ಕೆಲವೇ ಸಾಲುಗಳ ಕೆಳಗೆ ಅಕ್ವಿಲ, ಪ್ರಿಸಿಲ್ಲ ಇದ್ದಾರೆ. ತಮ್ಮ ಮನೆಯಲ್ಲಿ ಕೂಡುವ ಸಭೆಯೊಡನೆ ವಂದನೆ ಹೇಳಿ ಕಳಿಸುತ್ತಾರೆ.