ಎಂಜಿನ್ನಿಗೆ ಕಟ್ಟಿದ ತಾಯಿತ

ಅಲ್ಪ ವೆಚ್ಚದಿಂದ ಅಧಿಕ ಫಲವನ್ನು ಪಡೆಯಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಹಿಂದೆ ಜಾತ್ರೆಗೆ ಹೋದವನು ಸಕಲ ರೋಗಗಳನ್ನೂ ಪರಿಹರಿಸುವ ತಾಯಿತವನ್ನು ನಾಲ್ಕಾಣೆಗೆ ಕೊಂಡು ತರುತ್ತಿದ್ದನು. ಇಂದಿನ ಗೃಹಸ್ಥನು ತನ್ನ ತೋಳಿಗೆ ತಾಯಿತ ಕಟ್ಟಿಕೊಳ್ಳಲು ನಾಚುವನು. ತನ್ನ ಕಾರಿಗೆ ಕಟ್ಟಲು ನಾಚನು. ಪೆಟ್ರೋಲಿನ ಕೊಳವೆಗೆ ಬಿಗಿಯುವ ಅಯಸ್ಕಾಂತ, ಗಾಳಿಯ ದಾರಿಯಲ್ಲಿಡುವ ಸುಳಿಚಕ್ರ, ಟ್ಯಾಂಕಿಗೆ ಹಾಕುವ ಗುಳಿಗೆ, ಮೆಕ್ಯಾನಿಕರು ದೋಷವನ್ನು ಓದುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ, ಇವುಗಳಿಂದ ಎಂಜಿನ್ನಿನ ಬಲ ಹೆಚ್ಚುವುದೆಂದು ನಂಬುವವರು ವಿದ್ಯಾವಂತರಲ್ಲಿಯೂ ಉಂಟು.

ಈ ನಂಬಿಕೆ ಹೊಸದಲ್ಲ. 1930ರ ದಶಕದಲ್ಲಿ ಕೆನಡಾದ ಚಾರ್ಲ್ಸ್ ನೆಲ್ಸನ್ ಪೋಗ್ ಎಂಬವನ ಕಾರ್ಬ್ಯುರೇಟರು ಗ್ಯಾಲನ್ನಿಗೆ 200 ಮೈಲಿ ಓಡಿಸುವುದೆಂಬ ಸುದ್ದಿ ಹಬ್ಬಿತು; ಮಾತು ಉಳಿಯಿತು, ಅಂತಹ ಕಾರು ಮಾತ್ರ ಬೀದಿಗಿಳಿಯಲಿಲ್ಲ. 1973ರಲ್ಲಿ ತೈಲಕ್ಷಾಮ ತಲೆದೋರಿದ ಮೇಲೆ ಇಂತಹ ಸಾಧನಗಳು ಅಮೆರಿಕದಲ್ಲಿ ಅಣಬೆಗಳಂತೆ ಎದ್ದವು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತು. ಕೆಲವೇ ಕೆಲವು ಅತ್ಯಲ್ಪ ಉಳಿತಾಯವನ್ನು ತೋರಿದವು; ಉಳಿದವುಗಳಿಂದ ಪ್ರಯೋಜನವೇ ಇರಲಿಲ್ಲ.

ಇದಕ್ಕೆ ಕಾರಣವು ಎಂಜಿನ್ನಿನ ಸ್ವಭಾವದಲ್ಲಿಯೇ ಇದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇಂದಿನ ಕಾರಿನ ಗಣಕವು ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ಈ ಪ್ರಮಾಣವನ್ನು ಕ್ಷಣಕ್ಷಣಕ್ಕೂ ತಿದ್ದುವುದು. ಆದುದರಿಂದ ಒಳಗೆ ಹೋದ ಪೆಟ್ರೋಲು ಬಹುಮಟ್ಟಿಗೆ ಎಲ್ಲವೂ ಉರಿದೇ ಹೋಗುವುದು. ಚೆನ್ನಾಗಿ ಉರಿಸುತ್ತೇನೆಂದು ಬರುವ ಸಾಧನಕ್ಕೆ ಮಾಡಲು ಕೆಲಸವೇ ಉಳಿದಿಲ್ಲ. ನಷ್ಟವಾಗುವುದು ಬೇರೆಡೆ. ಹುಟ್ಟಿದ ಶಾಖದ ಹೆಚ್ಚಿನ ಪಾಲು ಹೊಗೆಯೊಡನೆಯೂ ರೇಡಿಯೇಟರಿನ ಮೂಲಕವೂ ಹೊರಟುಹೋಗುವುದು. ಕೊಳವೆಗೆ ಕಟ್ಟಿದ ಅಯಸ್ಕಾಂತವು ಅದನ್ನು ತಡೆಯಬಲ್ಲುದೆ? ಒಬಿಡಿ ಕಿಂಡಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದವರಿಗೆ ಕೆಲವುಗಳಲ್ಲಿ ಕಂಡದ್ದು ಮಿಣುಕುವ ದೀಪಗಳು ಮಾತ್ರ. ಟರ್ಬೋ ಎಂಜಿನ್ನಿನ ಗಣಕವನ್ನು ಬಲ್ಲವರು ಹೊಸದಾಗಿ ಹೊಂದಿಸಿದರೆ ಬಲವು ನಿಜವಾಗಿ ಹೆಚ್ಚುವುದುಂಟು. ಆದರೆ ಅದು ಅಗ್ಗದ ಕೆಲಸವಲ್ಲ. ಎಂಜಿನ್ನಿನ ಆಯುಷ್ಯದಿಂದಲೂ ತಯಾರಕರ ವಾರಂಟಿಯಿಂದಲೂ ಅದರ ಬೆಲೆಯನ್ನು ತೆರಬೇಕಾಗಬಹುದು.

ಹಾಗಾದರೆ ಫಲ ಕಂಡೆವೆಂದು ಆಣೆಯಿಟ್ಟು ಹೇಳುವವರು ಸುಳ್ಳುಗಾರರೇ? ಅಲ್ಲ. ಹಣ ಕೊಟ್ಟು ತಂದ ವಸ್ತುವನ್ನು ಪರೀಕ್ಷಿಸಲು ಹೊರಟ ಗೃಹಸ್ಥನು ಅಂದಿನಿಂದ ಮೈಲೇಜಿನ ಲೆಕ್ಕ ಬರೆಯುವನು, ಮೆಲ್ಲಗೆ ವೇಗವೇರಿಸುವನು, ಬ್ರೇಕನ್ನು ಹಿತವಾಗಿ ಒತ್ತುವನು. ಪೆಟ್ರೋಲು ಉಳಿಯುವುದು ನಿಜ; ಉಳಿಸಿದ್ದು ಅವನ ಪಾದ, ಕೀರ್ತಿ ಪೆಟ್ಟಿಗೆಗೆ. ಕಾಗೆ ಕೂತುದಕ್ಕೂ ಕೊಂಬೆ ಮುರಿದುದಕ್ಕೂ ಗಂಟು ಬಿದ್ದು, ಭಾವಮೈದುನನಿಗೂ ಅಂತಹುದೇ ಒಂದು ಪೆಟ್ಟಿಗೆ ಬರುವುದು. ಒರಟು ಚಾಲನೆಯಿಂದ ನಿಂತು ನಿಂತು ಸಾಗುವ ಬೀದಿಗಳಲ್ಲಿ ಮೈಲೇಜು ನೂರಕ್ಕೆ 10ರಿಂದ 40ರವರೆಗೆ ಕುಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುವುದು. ಪಾದಕ್ಕಿರುವ ಶಕ್ತಿ ಇಷ್ಟು!

ಹೋದ ನೂರಿನ್ನೂರು ರೂಪಾಯಿಗಳೇ ಇಲ್ಲಿ ದೊಡ್ಡ ನಷ್ಟವಲ್ಲ. ತಾಯಿತವನ್ನು ನಂಬಿದ ರೋಗಿಯು ವೈದ್ಯನ ಬಳಿಗೆ ತಡವಾಗಿ ಹೋಗುವನು. ಅಂತೆಯೇ ಸವೆದ ಸ್ಪಾರ್ಕ್ ಪ್ಲಗ್ಗು, ಹಿಡಿದುಕೊಂಡ ಬ್ರೇಕು, ಗಾಳಿಯಿಳಿದ ಟೈರು ಇವುಗಳಿಂದ ಬಲಗುಂದಿದ ಕಾರು ಪೆಟ್ಟಿಗೆಯ ಭರವಸೆಯಲ್ಲಿ ಓಡುತ್ತಲೇ ಇರುವುದು. ಅದರೊಳಗೆ ಮಡದಿ ಮಕ್ಕಳು ಕುಳಿತಿರುವರು. ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುವುದರಲ್ಲಿ ಯಾವ ರಹಸ್ಯವೂ ಇಲ್ಲ. ರಹಸ್ಯವಿಲ್ಲದುದರಿಂದಲೇ ಅವು ಯಾರ ಕಣ್ಣನ್ನೂ ಸೆಳೆಯವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಕಾರಿನ ಮನೆಯನ್ನೂ ಬಿಟ್ಟಿಲ್ಲ.